ಬೀಗರ ಎಂಜಿನ್ನು

ಮಳೆ ನಿಂತು ಎಂಟು ದಿನವಾಗಿತ್ತು. ಗಾಳಿ ಇನ್ನೂ ಒಂದು ದಿಕ್ಕು ಹಿಡಿದಿರಲಿಲ್ಲ. ಬೆಳಿಗ್ಗೆ ನೆಲದ ಕಡೆಯಿಂದ ಒಂದಿಷ್ಟು, ಮಧ್ಯಾಹ್ನ ನೀರಿನ ಕಡೆಯಿಂದ ಒಂದಿಷ್ಟು, ಮೊದಲ ಸಲ ನೊಗಕ್ಕೆ ಕೊರಳು ಕೊಟ್ಟ ಹೋರಿಯ ಹಾಗೆ ಅತ್ತಿತ್ತ ಎಳೆದಾಡುತ್ತಿತ್ತು. ದೋಣಿ ಕಟ್ಟುವ ದಕ್ಕೆಯ ಉದ್ದಕ್ಕೂ ಅವುಗಳನ್ನು ದಡಕ್ಕೆಳೆದು ಮಗ್ಗುಲಿಗೆ ಮಲಗಿಸಿದ್ದರು. ತಳಕ್ಕೆ ಹತ್ತಿದ ಚಿಪ್ಪು ಕೆರೆಯುವವರು ಕೆರೆಯುತ್ತಿದ್ದರು, ಬಿರುಕಿಗೆ ನಾರು ತುಂಬುವವರು ತುಂಬುತ್ತಿದ್ದರು, ಬಣ್ಣದವರು ಡಬ್ಬಿಯೊಳಗೆ ಕೋಲಾಡಿಸುತ್ತ ಹರಟುತ್ತಿದ್ದರು. ಗಾಳಿ ನೆಲೆಯಾಗುವುದಕ್ಕೆ ಇನ್ನು ಹದಿನೈದು ದಿನ. ಅಷ್ಟರಲ್ಲಿ ಎಲ್ಲ ದೋಣಿಗಳೂ ಮೈ ತೊಳೆದು ನೀರಿಗಿಳಿಯಬೇಕು.

ಒಂದು ದೋಣಿ ಮಾತ್ರ ನೀರಿನಲ್ಲೇ ಇತ್ತು. ಅದರ ಸುತ್ತ ಎಣ್ಣೆಯ ಪೊರೆ ಬಣ್ಣಬಣ್ಣವಾಗಿ ಹರಡಿತ್ತು. ಆ ದೋಣಿಯ ಹೊಟ್ಟೆಯೊಳಗೆ, ಎಂಜಿನ್ನಿನ ಪಕ್ಕದಲ್ಲಿ, ಏಳುಬಟ್ಟೆ ಮೇಸ್ತ್ರಿ ಬೆಳಿಗ್ಗೆ ಏಳರಿಂದ ಮಂಡಿಯೂರಿ ಕೂತಿದ್ದ. ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷಿನಿಂದ ಎಂಜಿನ್ನಿನ ಮೈ ಉಜ್ಜುತ್ತಿದ್ದ. ಮೂರು ವರ್ಷದ ಜಿಡ್ಡು ಕೆಸರಿನ ಎಮ್ಮೆಯ ಮೈಯಿಂದ ಬಿಟ್ಟ ಹಾಗೆ ಪದರಪದರವಾಗಿ ಬಿಡುತ್ತಿತ್ತು.

ದೋಣಿ ಅವನ ಬೀಗರದು. ಬೀಗರು ಮೇಲೆ, ಒಳಗಿಳಿಯುವ ಬಾಯಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಅವರ ಚಪ್ಪಲಿ ಮೇಸ್ತ್ರಿಯ ನೆತ್ತಿಯಿಂದ ಒಂದು ಗೇಣು ಮೇಲೆ ತೂಗಾಡುತ್ತಿತ್ತು. ಒಂದು ಕಾಲದಲ್ಲಿ ಈ ಹಾಯಿದೋಣಿಯಲ್ಲಿ ಹೆಂಚು ಸಾಗಿಸುತ್ತಿದ್ದವರು; ಈಗ ಪಟ್ಟಣದಿಂದ ಬಂದವರನ್ನು ಸಂಜೆಗಾಳಿಗೆ ಸುತ್ತಿಸಿ ತರುತ್ತಿದ್ದರು. ಯಾವ ಹಡಗಿನಲ್ಲೂ ದುಡಿದವರಲ್ಲ, ಆದರೂ ದಕ್ಕೆಯಲ್ಲಿ ಅವರನ್ನು ಕಪ್ತಾನ ಅನ್ನುತ್ತಿದ್ದರು, ನಡೆಯುವ ಗತ್ತಿಗೆ.

"ಬೀಗರೇ, ಸ್ನಾನ ಮಾಡಿಸಿದ್ದಾಯ್ತಾ? ಇನ್ನು ತಲೆ ಬಾಚ್ತೀರಾ?" ಎಂದರು ಕಪ್ತಾನರು.

"ಕೊಳಕು ತೆಗೀದೆ ಗಾಯ ಕಾಣಲ್ಲ ಬೀಗರೇ. ನೀವು ಒಂದು ದಿನ ಒರೆಸಿದ್ದಿದ್ದರೆ ನನಗೆ ಇಷ್ಟು ಹೊತ್ತು ಹಿಡೀತಿರಲಿಲ್ಲ."

"ದಿನಾ ಒರೆಸ್ತಾಳಲ್ಲ ನಿಮ್ಮ ಮಗಳು. ಕೇಳಿ, ಇಲ್ಲೇ ಇದ್ದಾಳೆ."

ಮಗಳು ಟಾರ್ಚು ಹಿಡಿದು ಅಪ್ಪನ ಎಡಕ್ಕೆ ಕೂತಿದ್ದಳು. ಬೆಳಕನ್ನು ಎರಡು ಬೆರಳಷ್ಟು ಬಲಕ್ಕೆ ಸರಿಸಿದಳು, ಅಪ್ಪನ ಬ್ರಷ್ಷು ಎಲ್ಲಿಗೆ ಹೋಗುತ್ತದೆಂದು ಮೊದಲೇ ಗೊತ್ತಿದ್ದವಳ ಹಾಗೆ. ಅವಳು ಹುಟ್ಟಿ ಬೆಳೆದದ್ದೇ ಮೇಸ್ತ್ರಿಯ ಶೆಡ್ಡಿನಲ್ಲಿ, ಪಾನಾಗಳ ನಡುವೆ.

ಈ ಎಂಜಿನ್ನಿನ ಕತೆ ಅವಳ ಮದುವೆಯ ಕತೆಯೂ ಹೌದು. ಮೂರು ವರ್ಷದ ಹಿಂದೆ ಸಂಬಂಧ ಕುದುರಿದಾಗ ಮೇಸ್ತ್ರಿ ಹೇಳಿದ್ದ: "ದೊಡ್ಡ ಉಡುಗೊರೆ ಕೊಡೋ ಶಕ್ತಿ ನನಗಿಲ್ಲ. ನಿಮ್ಮ ಎಂಜಿನ್ ಪೂರ್ತಿ ಬಿಚ್ಚಿ ಹೊಸದರ ಹಾಗೆ ಮಾಡಿಕೊಡ್ತೀನಿ, ಅದೇ ನನ್ನ ಉಡುಗೊರೆ." ಹದಿನೇಳು ದಿನ ಬಿಚ್ಚಿದ, ಹದಿನೇಳು ದಿನ ಕೂಡಿಸಿದ. ಮದುವೆಯಾದ ಎರಡನೇ ತಿಂಗಳಿಗೆ ಎಂಜಿನ್ನಿನ ಕೆಳಗಿನ ತಟ್ಟೆಯಲ್ಲಿ ಮೊದಲ ಹನಿ ಬಿತ್ತು. ಅಂದು ಕಪ್ತಾನರು ಹೊಸ ಸೊಸೆಯನ್ನು ದಕ್ಕೆಗೆ ಕರೆಸಿ, "ನಿಮ್ಮಪ್ಪನ ಉಡುಗೊರೆ ಸುರೀತಾ ಇದೆ, ಒರೆಸು ಬಾ" ಎಂದಿದ್ದರು. ಅಂದಿನಿಂದ ತಟ್ಟೆ ಒರೆಸುವುದು ಅವಳ ಪಾಲಿನ ಕೆಲಸವಾಯಿತು. ಅಡಿಗೆಯಲ್ಲಿ ಎಣ್ಣೆ ಒಂದು ಚಮಚ ಹೆಚ್ಚಾದರೆ ಅತ್ತೆಯೂ ನಗುತ್ತಿದ್ದಳು, "ಅಪ್ಪನ ಕೈ." ಗಂಡ ತಟ್ಟೆಯ ಕಡೆಗೆ ಮುಖ ಬಗ್ಗಿಸಿ ಉಣ್ಣುತ್ತಿದ್ದ.

ಮೇಸ್ತ್ರಿ ಸುಮ್ಮನಿರಲಿಲ್ಲ. ಮೊದಲ ವರ್ಷ ಮೇಲಿನ ಮುಚ್ಚಳದ ಗ್ಯಾಸ್ಕೆಟ್ ಬದಲಿಸಿದ. ಅಲ್ಲಿ ನಿಂತ ಎಣ್ಣೆ ಮುಂದಿನ ಸೀಲಿನಲ್ಲಿ ಬಂತು. ಅದನ್ನು ಬದಲಿಸಿದ, ಹಿಂದಿನ ಸೀಲಿನಲ್ಲಿ ಬಂತು. ಇಲಿಯ ಒಂದು ಬಿಲ ಮುಚ್ಚಿದರೆ ಇನ್ನೊಂದು ತೆರೆಯುವ ಹಾಗೆ. ಪ್ರತಿಸಲವೂ ಅವನ ವಾದ ಒಂದೇ: "ಬೀಗರು ಕಡ್ಡಿ ಅಳತೆ ನೋಡದೆ ಆಯಿಲ್ ಜಾಸ್ತಿ ಹೊಯ್ತಾರೆ." ಪ್ರತಿಸಲವೂ ಬೀಗರ ಉತ್ತರ ಒಂದೇ: "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಈಗ ಬಂದರು ಕಚೇರಿಯವರು ಚೀಟಿ ಅಂಟಿಸಿ ಹೋಗಿದ್ದರು. ಸೋಮವಾರದೊಳಗೆ ನೀರಿಗೆ ಎಣ್ಣೆ ಬೀಳುವುದು ನಿಲ್ಲಬೇಕು, ಇಲ್ಲವಾದರೆ ದೋಣಿ ಕಟ್ಟುವ ಜಾಗ ಬೇರೆಯವರಿಗೆ. ಕಪ್ತಾನರು ಅದೇ ಸಂಜೆ ಸೊಸೆಯ ಫೋನಿನಿಂದಲೇ ಮೇಸ್ತ್ರಿಗೆ ಹೇಳಿದ್ದರು, ಬಹುವಚನ ಒಂದಿಷ್ಟೂ ಕೆಡದಂತೆ: "ಬೀಗರೇ, ಇದು ಕೊನೇ ಸಲ. ನಾಳೆ ಒಂದು ದಿನದಲ್ಲಿ ನಿಲ್ಲಿಸಿದರೆ ಸರಿ. ಇಲ್ಲಾಂದ್ರೆ ನೀವು ಈ ದಕ್ಕೆ ತುಳಿಯೋದು ಬೇಡ, ನನ್ನ ಸೊಸೆ ನಿಮ್ಮ ಹೊಸ್ತಿಲು ತುಳಿಯೋದೂ ಬೇಡ."

ಎಂಜಿನ್ನಿನ ಮೈ ಒಣಗಿದ ಮೇಲೆ ಮೇಸ್ತ್ರಿ ಮಗಳ ಕಡೆಗೆ ಕೈಚಾಚಿದ. ಅವಳು ತನ್ನ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ಕೊಟ್ಟಳು. ಅವನು ಅದನ್ನು ಅಂಗೈಗೆ ಸುರಿದುಕೊಂಡು ಎಂಜಿನ್ನಿನ ಮೇಲೆಲ್ಲ ಊದಿದ. ಕಪ್ಪು ಕಬ್ಬಿಣ ಬೆಳ್ಳಗಾಯಿತು.

ಮೇಲಿಂದ ನಗೆ ಕೇಳಿತು. "ಪೌಡರ್ ಹಚ್ತಿದ್ದೀರಿ! ಇದಕ್ಕೂ ಗಂಡು ನೋಡಿದ್ದೀರಾ ಬೀಗರೇ? ಪಾಪ, ಯಾವ ಮನೆಯವರೋ!"

"ನಿಮ್ಮಂಥ ಮನೆಗೆ ಇನ್ನೊಂದು ಕೊಡುವಷ್ಟು ಕೆಟ್ಟಿಲ್ಲ ನನ್ನ ತಲೆ" ಎಂದ ಮೇಸ್ತ್ರಿ. ಪೌಡರಿನ ಮೇಲೆ ಎಣ್ಣೆ ಎಲ್ಲಿಂದ ಹೊರಟರೂ ಮೊದಲ ಗೆರೆ ಕಾಣುತ್ತದೆ. ಇದು ಅವನ ಗುರು ಕಲಿಸಿದ್ದು, ಆದರೆ ಬೀಗರಿಗೆ ವಿವರಿಸುವ ಮನಸ್ಸಾಗಲಿಲ್ಲ.

ಕಪ್ತಾನರು ಎದ್ದರು. "ನಾನು ಕಚೇರಿಗೆ ಹೋಗಿ ಇನ್ನೊಂದು ದಿನ ಕೇಳಿಬರ್ತೀನಿ. ಗೊತ್ತಲ್ಲ ನಿಮ್ಮ ಕೈಗುಣ." ಅವರ ಹೆಜ್ಜೆ ಹಲಗೆಯ ಮೇಲೆ ದೂರವಾಯಿತು.

ಅಪ್ಪ ಮಗಳು ದೋಣಿಯನ್ನು ಹಗ್ಗಕ್ಕೆ ಬಿಗಿದಿಟ್ಟೇ ಎಂಜಿನ್ ಶುರುಮಾಡಿ ಗೇರು ಹಾಕಿದರು. ಹಗ್ಗ ಕಿರುಗುಟ್ಟಿತು, ದೋಣಿ ಗೂಟಕ್ಕೆ ಕಟ್ಟಿದ ಕರುವಿನಂತೆ ಜಗ್ಗಿತು. ಮೇಸ್ತ್ರಿ ಬಿಳಿಯ ಮೈಯನ್ನೇ ನೋಡುತ್ತ ಕೂತ. ಹತ್ತು ನಿಮಿಷಕ್ಕೆ ಹಿಂದಿನ ಸೀಲಿನ ಕೆಳಗೆ ಒಂದು ಕಪ್ಪು ಗೆರೆ. ಅದನ್ನು ನೋಡುವಷ್ಟರಲ್ಲಿ ಮುಂದೆ ಒಂದು. ಆಮೇಲೆ ಮೇಲಿನ ಮುಚ್ಚಳದ ಮೂಲೆಯಲ್ಲಿ. ಮೂರೂ ಅವನೇ ಹೊಸದಾಗಿ ಹಾಕಿದ ಜಾಗಗಳು.

"ಮೂರು ಕಡೆ ಒಟ್ಟಿಗೆ ಕೆಡೋದುಂಟಾ?" ಎಂದ, ಯಾರಿಗೂ ಅಲ್ಲ.

ಮಗಳು ಎಣ್ಣೆ ಹೊಯ್ಯುವ ಬಾಯಿಯ ಮುಚ್ಚಳ ತೋರಿಸಿದಳು. "ಅದನ್ನ ತೆಗೆದು ನೋಡು."

ಅವನು ಮುಚ್ಚಳ ತಿರುಗಿಸಿದ. ಕೊನೆಯ ಸುತ್ತಿಗೆ ಅದು ಅವನ ಬೆರಳಿಂದ ಪುಟಿದು ಬಿತ್ತು, ಬಿಸಿಗಾಳಿ ಭುಸ್ಸೆಂದು ಅವನ ಮುಖಕ್ಕೆ ಹೊಡೆಯಿತು. ಬಾಯಿಗೆ ಅಂಗೈ ಒತ್ತಿ ಹಿಡಿದ. ಒಳಗಿನಿಂದ ಯಾರೋ ಅಂಗೈಯನ್ನು ಮೇಲಕ್ಕೆ ನೂಕುತ್ತಿದ್ದರು. ಕೈ ಎತ್ತಿ ಬಾಯಿ ತೆರೆದುಬಿಟ್ಟಾಗ, ಸ್ವಲ್ಪ ಹೊತ್ತಿಗೆ ಹಿಂದಿನ ಗೆರೆ ಬೆಳೆಯುವುದು ನಿಂತಿತು.

"ಉಸಿರಾಡ್ತಿಲ್ಲ ಇದು" ಎಂದಳು ಮಗಳು.

ಎಂಜಿನ್ನಿಗೂ ಒಂದು ಉಸಿರಿನ ಕೊಳವೆ ಇರುತ್ತದೆ. ಒಳಗೆ ಸೇರುವ ಗಾಳಿ ಅದರಿಂದ ಹೊರಗೆ ಹೋಗಬೇಕು. ಅದು ಕಟ್ಟಿದರೆ ಗಾಳಿ ಎಣ್ಣೆಯನ್ನು ನೂಕುತ್ತದೆ, ಎಣ್ಣೆ ಸಿಕ್ಕ ಸಂದಿಯಲ್ಲಿ ಹೊರಬೀಳುತ್ತದೆ. ಯಾವ ಸೀಲು ಬದಲಿಸಿದರೂ ಇನ್ನೊಂದರಲ್ಲಿ. ಮೇಸ್ತ್ರಿಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ಆ ಕೊಳವೆ ಎಂಜಿನ್ನಿನ ಬೆನ್ನ ಹಿಂದೆ, ಹಲಗೆಗೆ ಆತುಕೊಂಡು ಇತ್ತು. ಮೂರು ವರ್ಷದ ಹಿಂದೆ ಹೊಸದನ್ನು ಅವನೇ ಹಾಕಿದ್ದ. ತಾನೇ ಹಾಕಿದ ಹೊಸದನ್ನು ಯಾರು ಬಿಚ್ಚಿ ನೋಡುತ್ತಾರೆ?

ಎಂಜಿನ್ ನಿಲ್ಲಿಸಿ ಆರಲು ಬಿಟ್ಟರು. ಮೇಸ್ತ್ರಿಯ ತೋಳು ಹಿಂದಕ್ಕೆ ಹೋಗಲಿಲ್ಲ. ಮಗಳು ಟಾರ್ಚು ಅವನಿಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಂಜಿನ್ನಿನ ಮೇಲೆ ಕೆನ್ನೆಯಿಟ್ಟು, ಭುಜದವರೆಗೆ ಕೈ ಇಳಿಬಿಟ್ಟಳು. ಕ್ಲಿಪ್ಪು ಸಡಿಲಾಯಿತು. ಕೊಳವೆ ಕೈಗೆ ಬಂತು. ಅದು ಕೂರುವ ಬಾಯಿಯೊಳಗೆ ಬಗ್ಗಿಸಿದ ತಂತಿ ತೂರಿಸಿ ಎಳೆದಾಗ ಹೆಬ್ಬೆರಳು ಗಾತ್ರದ ಕಪ್ಪು ಗಂಟೊಂದು ಈಚೆ ಬಂತು.

"ಮಸಿ" ಎಂದ ಮೇಸ್ತ್ರಿ, ಬೇಗ.

ಅವಳು ಅದನ್ನು ಸೀಮೆಎಣ್ಣೆಯಲ್ಲಿ ಅದ್ದಿ ಬಿಡಿಸಿದಳು. ಮಸಿ ಬಿಟ್ಟಿತು. ನೀಲಿ ಚೌಕುಳಿ ಕಂಡಿತು. ನಾಲ್ಕನೇ ಕ್ಲಾಸಿನಲ್ಲಿ ಅವಳು ಹಾಕುತ್ತಿದ್ದ ಲಂಗದ ಚೌಕುಳಿ. ಹರಿದ ಮೇಲೆ ಅಪ್ಪ ಅದನ್ನು ಶೆಡ್ಡಿಗೆ ಒಯ್ದಿದ್ದ.

ಮೇಸ್ತ್ರಿಗೆ ಏಳುಬಟ್ಟೆ ಎಂಬ ಹೆಸರು ಬಂದದ್ದೇ ಅದರಿಂದ. ಎಂಜಿನ್ ಬಿಚ್ಚಿದಾಗ ತೆರೆದ ಪ್ರತಿ ಬಾಯಿಗೂ, ಧೂಳು ನಟ್ಟು ಬೀಳದಂತೆ, ಒಂದೊಂದು ಬಟ್ಟೆ ತುರುಕುತ್ತಿದ್ದ. ಯಾವಾಗಲೂ ಏಳೇ ಬಟ್ಟೆ, ಕಮ್ಮಿಯಿಲ್ಲ ಜಾಸ್ತಿಯಿಲ್ಲ. ಕೂಡಿಸುವಾಗ ತೆಗೆದು ಗುಡ್ಡೆ ಹಾಕಿ, ಏಳು ಎಣಿಸಿದ ಮೇಲೆಯೇ ಕೊನೆಯ ಬೋಲ್ಟು. ಬೇರೆ ಮೆಕ್ಯಾನಿಕ್ಕುಗಳು ನಕ್ಕರೆ, "ನಿಮ್ಮದು ಅಂದಾಜು, ನನ್ನದು ಲೆಕ್ಕ" ಅನ್ನುತ್ತಿದ್ದ.

ಈಗ ಆ ದಿನ ಅವನ ಕಣ್ಣಿಗೆ ಬಂತು. ಕೂಡಿಸುವ ಕೊನೆಯ ದಿನ. ಗಂಡಿನ ಕಡೆಯವರು ಮನೆಗೆ ಬಂದಿದ್ದಾರೆಂದು ಹೆಂಡತಿ ಎರಡು ಸಲ ಕೂಗಿದ್ದಳು. ಅವಸರದಲ್ಲಿ ತಗಡು ತಾಗಿ ಬೆರಳು ಕೊಯ್ದಿತ್ತು. ಗುಡ್ಡೆಯಿಂದ ಒಂದು ಬಟ್ಟೆ ತೆಗೆದು ಎರಡು ಸೀಳಿ, ಒಂದು ಸೀಳು ಬೆರಳಿಗೆ ಸುತ್ತಿ, ಇನ್ನೊಂದನ್ನು ಗುಡ್ಡೆಗೇ ಎಸೆದಿದ್ದ. ಆಮೇಲೆ ಎಣಿಸಿದ್ದ: ಗುಡ್ಡೆಯಲ್ಲಿ ಆರು, ಬೆರಳಿನ ಮೇಲೆ ಒಂದು, ಏಳು. ಲೆಕ್ಕ ಸರಿ ಎಂದು ಕೊನೆಯ ಬೋಲ್ಟು ಬಿಗಿದಿದ್ದ. ಸೀಳಿದ ಒಂದೇ ಬಟ್ಟೆ ಎರಡಾಗಿ ಲೆಕ್ಕಕ್ಕೆ ಬಂದಿತ್ತು, ಏಳನೆಯದು ಕೊಳವೆಯ ಬಾಯಲ್ಲೇ ಉಳಿದಿತ್ತು.

"ಜೇಬಿಗೆ ಹಾಕ್ಕೊ" ಎಂದಳು ಮಗಳು.

"ಏನು?"

"ಜೇಬಿಗೆ ಹಾಕ್ಕೊ ಅಪ್ಪ. ಮಸಿ ಕಟ್ಟಿತ್ತು ಅನ್ನು. ಮೂರು ವರ್ಷ ಈ ತಟ್ಟೆ ಒರೆಸಿದ್ದೀನಿ. ಇದನ್ನ ಅವರಿಗೆ ತೋರಿಸಿದರೆ ಸಾಯೋವರೆಗೂ ಒರೆಸಬೇಕಾಗುತ್ತೆ."

ಹಲಗೆಯ ಮೇಲೆ ಚಪ್ಪಲಿಯ ಸದ್ದು ಕೇಳಿತು. ಮೇಸ್ತ್ರಿ ಬಟ್ಟೆಯನ್ನು ಹಿಂಡಿ ಜೇಬಿಗೆ ತುರುಕಿದ.

ಕಪ್ತಾನರು ಕೆಂಪಗಾಗಿ ಬಂದಿದ್ದರು. ಕಚೇರಿಯವನು ಒಂದು ಗಂಟೆಯನ್ನೂ ಹೆಚ್ಚಿಗೆ ಕೊಟ್ಟಿರಲಿಲ್ಲ. "ಹೇಳಿ ಬೀಗರೇ, ಈ ಸಲ ಯಾರ ತಪ್ಪು? ನಂದಾ, ನಮ್ಮಪ್ಪಂದಾ, ಸಮುದ್ರದ್ದಾ?"

"ಉಸಿರಿನ ಕೊಳವೆ ಕಟ್ಟಿತ್ತು" ಎಂದ ಮೇಸ್ತ್ರಿ. "ಮಸಿ. ಎಂಜಿನ್ನನ್ನ ಗಂಟೆಗಟ್ಟಲೆ ನಿಧಾನಕ್ಕೆ ಓಡಿಸಿದರೆ ಹಾಗಾಗುತ್ತೆ."

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಮಸಿ ಎಂದಷ್ಟೇ ಹೇಳಿ ನಿಲ್ಲಿಸಬಹುದಿತ್ತು. ನಾಲಿಗೆ ಮೂರು ವರ್ಷದ ರೂಢಿಯಂತೆ ಬೀಗರ ಕಡೆಗೇ ತಿರುಗಿತ್ತು.

"ಪರೀಕ್ಷೆ ಮಾಡೋಣ" ಎಂದರು ಕಪ್ತಾನರು. ತಾವೇ ಒಂದು ದಿನಪತ್ರಿಕೆ ತಂದು, ಒಳಗಿಳಿದು, ತಟ್ಟೆಯಲ್ಲಿ ಹಾಸಿದರು. ಕೊಳವೆ ಹಾಕಿದ್ದಾಯಿತು, ಎಂಜಿನ್ನಿಗೆ ಮತ್ತೆ ಪೌಡರು ಊದಿದ್ದಾಯಿತು. ಎಂಜಿನ್ ಒಂದು ಗಂಟೆ ಗೇರಿನಲ್ಲಿ ಓಡಿತು. ಮೂವರೂ ಕಾಗದದ ಕಡೆಗೆ ನೋಡುತ್ತ ಕೂತರು. ಪಕ್ಕದ ದೋಣಿಯ ಬಣ್ಣದವನು ಬಗ್ಗಿ ನೋಡಿ, "ಏನು, ಮೊಟ್ಟೆ ಇಡುತ್ತಾ?" ಎಂದ.

ಒಂದು ಹನಿ ಬೀಳಲಿಲ್ಲ. ಬಿಳಿಯ ಮೈ ಬಿಳಿಯಾಗಿಯೇ ಇತ್ತು.

ಕಪ್ತಾನರು ಕಾಗದ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಗತ್ತು ಸ್ವಲ್ಪ ಇಳಿದಿತ್ತು. "ನಿಧಾನಕ್ಕೆ ಓಡಿಸೋದು ನಿಜ" ಎಂದರು. "ಪಟ್ಟಣದವರಿಗೆ ಸದ್ದು ಆಗಲ್ಲ. ದಿನಾ ಎರಡು ಗಂಟೆ, ಹಾಗೇ ಓಡಿಸ್ತೀನಿ. ಅಂದರೆ..." ಕಾಗದವನ್ನು ನಾಲ್ಕು ಮಡಿಕೆ ಮಾಡಿದರು, ಮತ್ತೆ ಬಿಡಿಸಿದರು. ಆಮೇಲೆ ಬೀಗರನ್ನು ಬಿಟ್ಟು ಸೊಸೆಯ ಕಡೆಗೆ ತಿರುಗಿದರು. ಮೂರು ವರ್ಷದಲ್ಲಿ 'ಏಯ್' 'ನೋಡಿಲ್ಲಿ' ಬಿಟ್ಟರೆ ಬೇರೆ ರೀತಿಯಲ್ಲಿ ಕರೆಯದವರು, "ಮಗಳೇ" ಎಂದರು.

ಅವಳು ತಲೆಯೆತ್ತಿದಳು.

"ಮಗಳೇ, ನಾನು ಈ ಮೂರು ವರ್ಷ ನಿನಗೆ ಆ ಮಾತು..."

ಮೇಸ್ತ್ರಿ ಮಗಳ ಮುಖ ನೋಡಿದ. ಮಳೆ ಬಂದೀತೆಂದು ಮೋಡ ನೋಡುವವರ ಮುಖ ಅದು. ಇನ್ನು ನಾಲ್ಕು ಮಾತು, ಅಷ್ಟೇ. ಅವು ಬಿದ್ದುಬಿಟ್ಟರೆ ಅವಳ ಪಾಲಿಗೆ ಈ ಎಂಜಿನ್ ತೀರಿತು. ಅವನಿಗೆ ಅದು ಗೊತ್ತಿತ್ತು. ಆದರೂ ಮಾಡದ ತಪ್ಪನ್ನು ಒಪ್ಪಿಕೊಂಡು ಈ ಮನುಷ್ಯ ತನ್ನ ಮಗಳ ಕಣ್ಣಲ್ಲಿ ದೊಡ್ಡವನಾಗುವುದು, ತಾನು ಜೇಬಿನಲ್ಲಿ ಒದ್ದೆ ಬಟ್ಟೆ ಇಟ್ಟುಕೊಂಡು ಅದನ್ನು ನೋಡುತ್ತ ಕೂರುವುದು, ಅವನಿಂದ ಆಗಲಿಲ್ಲ. ಅದು ನ್ಯಾಯವೋ ಹೊಟ್ಟೆಕಿಚ್ಚೋ ಅವನಿಗೇ ತಿಳಿಯದು. ಕೈ ಜೇಬಿಗೆ ಹೋಗಿತ್ತು.

"ಮಸಿ ಅಲ್ಲ ಬೀಗರೇ" ಎಂದು ಬಟ್ಟೆಯನ್ನು ಎಂಜಿನ್ನಿನ ಮೇಲೆ ಹರಡಿದ. "ಇದು. ನಂದು. ಕೂಡಿಸುವಾಗ ಒಳಗೇ ಬಿಟ್ಟಿದ್ದೆ."

ಕಪ್ತಾನರು ಬಟ್ಟೆ ನೋಡಿದರು, ಮೇಸ್ತ್ರಿಯನ್ನು ನೋಡಿದರು. ಬಾಯಿಗೆ ಬಂದಿದ್ದ ಮಾತನ್ನು ನುಂಗಿದರು. ಆಮೇಲೆ ನಗೆ ಹೊರಟಿತು, ಮೊದಲು ಮೂಗಿನಿಂದ, ಆಮೇಲೆ ಹೊಟ್ಟೆಯಿಂದ.

"ಏಳುಬಟ್ಟೆ ಮೇಸ್ತ್ರಿ! ಲೆಕ್ಕದ ಮನುಷ್ಯ! ನಾಳೆ ನಿಮ್ಮ ಶೆಡ್ಡಿಗೆ ಬೋರ್ಡು ಬರೆಸಿಕೊಡ್ತೀನಿ, ಆರುಬಟ್ಟೆ ಮೇಸ್ತ್ರಿ ಅಂತ. ನನ್ನ ಖರ್ಚು!" ನಗೆ ಹಾಗೇ ಕತ್ತರಿಸಿದಂತೆ ನಿಂತಿತು. "ಈಗ ತಾನೆ ನಾನು ಓಡಿಸಿದ್ದೇ ತಪ್ಪು ಅಂದೆಯಲ್ಲಯ್ಯ? ನನ್ನ ಕೈಲಿ ತಪ್ಪು ಒಪ್ಪಿಸೋಕೆ ಹೊರಟಿದ್ದೆಯಲ್ಲ ನೀನು?"

ಬಹುವಚನ ಬಿದ್ದುಹೋಗಿತ್ತು. ಮೇಸ್ತ್ರಿಯೂ ಎತ್ತಿಕೊಡಲಿಲ್ಲ.

"ಒಪ್ಪಿಕೊಂಡೆನಲ್ಲ ಈಗ! ನೀನು ಜನ್ಮದಲ್ಲಿ ಒಂದಾದರೂ ಒಪ್ಪಿಕೊಂಡಿದ್ದೀಯಾ? ಒಂದು ಬಟ್ಟೆಗೆ ಮೂರು ವರ್ಷ ನನ್ನ ಮಗಳನ್ನ ಅರೆದವನು ನೀನು!"

"ನಿನ್ನ ಬಟ್ಟೆಗೆ ನನ್ನ ಮೂರು ವರ್ಷದ ಆಯಿಲ್ಲು ಹೋಯ್ತು! ದಕ್ಕೆಯಲ್ಲಿ ನನ್ನ ಮಾನ ಹೋಯ್ತು!"

"ಇದ್ದರಲ್ಲವೇ ಹೋಗೋದು?"

ಎಂಜಿನ್ ಇದ್ದಕ್ಕಿದ್ದಂತೆ ನಿಂತಿತು. ಮಗಳು ಅದನ್ನು ನಿಲ್ಲಿಸುವ ಹಿಡಿ ಎಳೆದಿದ್ದಳು. ಸದ್ದಿನ ಮೇಲೆ ಕೂಗುತ್ತಿದ್ದ ಇಬ್ಬರ ದನಿ ಮೌನದೊಳಗೆ ದೊಡ್ಡದಾಗಿ ಬಿದ್ದು, ಅವರಿಗೇ ನಾಚಿಕೆಯಾಗಿ ನಿಂತಿತು.

"ಅಪ್ಪ" ಎಂದಳು. "ಇನ್ನೊಂದು ನಿಮಿಷ ನಿನ್ನ ಕೈ ಜೇಬಲ್ಲೇ ಇರಬಾರದಿತ್ತಾ?"

ಮೇಸ್ತ್ರಿ ಎಂಜಿನ್ನಿನ ಮೇಲೆ ಹರಡಿದ್ದ ಬಟ್ಟೆಯನ್ನು ಮಡಿಚತೊಡಗಿದ.

"ಮಾವ, ನೀವು ಹೇಳೋಕೆ ಹೊರಟಿದ್ದು ಎಲ್ಲಿ ಹೋಯ್ತು? ತಪ್ಪು ನಿಮ್ಮದಾದರೆ ಮಾತ್ರ ನನ್ನ ಹತ್ತಿರ ಹೇಳೋದಾ? ಅಪ್ಪನದಾದರೆ ನಾನು ಒರೆಸಿದ್ದು ಸರಿ ಅಂತಾನಾ?"

ಕಪ್ತಾನರು ಎಂಜಿನ್ನಿನ ಮುಚ್ಚಳದ ಮೇಲಿನ ಪೌಡರನ್ನು ಬೆರಳಿನಿಂದ ಗೀಚಿದರು.

"ಬಟ್ಟೆ ಬಿಟ್ಟವನು ಅಪ್ಪ. ಮಾತಾಡಿದವರು ನೀವು. ಒರೆಸಿದವಳು ನಾನು. ಇಬ್ಬರಲ್ಲಿ ಯಾರಾದರೂ ಒಬ್ಬರು ನನಗೆ ಒಂದು ಮಾತು ಹೇಳಿ. ಯಾರು ಹೇಳಿದರೂ ಸರಿ. ಮೇಲೆ ಕೂತಿರ್ತೀನಿ."

ಅವಳು ಏಣಿ ಹತ್ತಿದಳು. ದಕ್ಕೆಯ ಮೇಲೆ, ಹಗ್ಗ ಕಟ್ಟುವ ಕಬ್ಬಿಣದ ಗೂಟದ ಮೇಲೆ, ದೋಣಿಗೆ ಬೆನ್ನು ಮಾಡಿ ಕೂತಳು. ಒಳಗಿನಿಂದ ನೋಡಿದರೆ ಅವಳ ಬೆನ್ನು, ಕುತ್ತಿಗೆಗೆ ಅಂಟಿದ ಪೌಡರು ಇಷ್ಟು ಕಾಣುತ್ತಿತ್ತು.

ಬೀಗರಿಬ್ಬರೂ ಎಂಜಿನ್ನಿನ ಆಚೆಗೊಬ್ಬ ಈಚೆಗೊಬ್ಬ ಕೂತರು. ಕಬ್ಬಿಣ ಆರುವಾಗ ಟಿಕ್ ಟಿಕ್ ಅನ್ನುತ್ತಿತ್ತು. ಹೊರಗೆ ಚಿಪ್ಪು ಕೆರೆಯುವವರು ಕೆಲಸ ನಿಲ್ಲಿಸಿ ಊಟಕ್ಕೆ ಎದ್ದರು. ಗಾಳಿ ತಿರುಗಿ ನೀರಿನ ಕಡೆಯಿಂದ ಬೀಸತೊಡಗಿತು. ಗೂಟದ ಮೇಲಿನವಳು ಅಲುಗಲಿಲ್ಲ.

ಮೇಸ್ತ್ರಿ ಪಾನಾಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿದ. ಎಲ್ಲ ಹಾಕಿ ಮುಗಿದ ಮೇಲೆ ಮತ್ತೆ ತೆಗೆದು ಒರೆಸತೊಡಗಿದ.

ಅರ್ಧ ಗಂಟೆಯಾದ ಮೇಲೆ ಕಪ್ತಾನರು ತಗ್ಗಿದ ದನಿಯಲ್ಲಿ ಹೇಳಿದರು, "ಬಿಸಿಲೇರಿತು. ಒಳಗೆ ಕರೀರಿ ನಿಮ್ಮ ಮಗಳನ್ನ."

"ನಿಮ್ಮ ಸೊಸೆ" ಎಂದ ಮೇಸ್ತ್ರಿ. "ನೀವೇ ಕರೀರಿ."

ಅವಳು ಸಂಜೆ ನಾಲ್ಕರವರೆಗೆ ಅಲ್ಲಿ ಕೂತಿದ್ದಳು. ಆಮೇಲೆ ಎದ್ದು, ಸೆರಗು ಕೊಡವಿ, ಮೇಸ್ತ್ರಿಯ ಮನೆಯ ದಾರಿಯನ್ನೂ ಹಿಡಿಯದೆ, ಕಪ್ತಾನರ ಮನೆಯ ದಾರಿಯನ್ನೂ ಹಿಡಿಯದೆ, ನೀರಿನ ಅಂಚಿನಲ್ಲಿ ನೇರಕ್ಕೆ ನಡೆದುಹೋದಳು. ಒಳಗಿನವರಿಬ್ಬರೂ ಅದನ್ನು ನೋಡಿದರು. ಕರೆಯುವುದು ನಿನ್ನ ಕೆಲಸ ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.